ಮೈಲಾರಪ್ಪ ಬಿದ್ದ ಶಾಟ್

ಕುರುಗೋಡು
14 ನವೆಂಬರ್ 2024

ಸಮ್ರಾಟ್‌ಗೆ ಯಶೋಧರಾಳ ಜೈಭೀಮ್,

ನಿನ್ನ ಫೋನು ಬೆಳಿಗ್ಗೆಯಿಂದ ಬರುತ್ತಲೇ ಇತ್ತು, ಎತ್ತಲಿಲ್ಲ. ಸಿಟ್ಟಿನಿಂದಲ್ಲ. ಮಾತು ಶುರುವಾದರೆ ಇಬ್ಬರೂ ದನಿ ಏರಿಸುತ್ತೇವೆ, ಹೇಳಬೇಕಾದ್ದು ಉಳಿದೇ ಹೋಗುತ್ತದೆ. ಜಗಳವಾಡುವಷ್ಟು ತ್ರಾಣವೂ ಈಗ ನನ್ನಲ್ಲಿಲ್ಲ. ಕಾವೇರಿ ಅಕ್ಕ ಶಾಲೆಗೆ ಪಾಠ ಮಾಡಲು ಹೋಗಿದ್ದಾಳೆ. ಅವಳು ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಮೊದಲೇ ಹೇಳಿಬಿಡುತ್ತೇನೆ. ಚಿತ್ರೋತ್ಸವಕ್ಕೆ ನಮ್ಮ ಸಿನಿಮಾದ ಕೊನೆಯ ಪ್ರತಿಯನ್ನು ನಿನ್ನೆ ಕಳಿಸಿದೆ. ಅದರಲ್ಲಿ ಮೈಲಾರಪ್ಪ ಬೀಳುವ ಶಾಟ್ ಇಲ್ಲ.

ಇಷ್ಟು ಓದಿ ನೀನು ಎದ್ದು ನಿಂತಿರುತ್ತೀ. ಕೂತುಕೋ, ಪೂರ್ತಿ ಓದು.

ಈ ಸಿನಿಮಾಕ್ಕಾಗಿ ನಾವು ಪಟ್ಟ ಪಾಡನ್ನು ನಾನು ಮರೆತಿಲ್ಲ. ಬಳ್ಳಾರಿಯ ಆ ಒಂದು ಕೋಣೆಯ ಸ್ಟುಡಿಯೋದಲ್ಲಿ ಮಂದಿಯ ಮದುವೆ ವಿಡಿಯೋ ಎಡಿಟ್ ಮಾಡುತ್ತಲೇ ಕತೆ ಕಟ್ಟಿದೆವು. ರೈಸ್ ಮಿಲ್ಲಿನ ಗುಮಾಸ್ತನಿಗೆ ಹೊಟ್ಟಿನ ರಾಶಿಯಲ್ಲಿ ಯಾರೋ ಬಚ್ಚಿಟ್ಟ ಬಂಗಾರ ಸಿಗುತ್ತದೆ. ಅವನು ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಾನೆ. ಅದನ್ನು ನೋಡಿದ ಒಬ್ಬ ಹಮಾಲಿಯ ಬೆನ್ನು ಹತ್ತುತ್ತಾನೆ. "ಆಸಿ ಒಮ್ಮಿ ಒಳಗ ಬಂತಂದ್ರ ಮನಷ್ಯಾ ಎಲ್ಲೀತನಕ ಹೋಗ್ತಾನ, ಅದ ನಮ್ಮ ಸಿನಿಮಾ" ಎಂದು ನೀನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ನನಗೂ ಆ ಮಾತು ಕೇಳಿದರೆ ಹೆಮ್ಮೆಯಾಗುತ್ತಿತ್ತು.

ಹಮಾಲಿಯ ಪಾತ್ರಕ್ಕೆ ಮೈಲಾರಪ್ಪನವರನ್ನು ಒಪ್ಪಿಸಿದವನು ನೀನೇ. ನಾವು ಶೂಟಿಂಗ್ ಮಾಡಿದ ಸಿರುಗುಪ್ಪದ ಮಿಲ್ಲಿನಲ್ಲೇ ಅವರು ಚೀಲ ಹೊರುತ್ತಿದ್ದರು. ಶೂಟಿಂಗ್ ದಿನ ಗಡ್ಡ ಬೋಳಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು, ಹಮಾಲಿಯ ಹಾಗೆ ಕಾಣಬೇಕೆಂದು ನೀನು ರೇಗಿದಾಗ ನಾಚಿ ನಕ್ಕಿದ್ದರು. ಪೇರಿಸಿದ ಚೀಲದ ಅಟ್ಟಿಯ ಮೇಲೆ ಅವರು ಮೊದಲ ಸಲ ಓಡಿದ್ದೇ ಚೆನ್ನಾಗಿತ್ತು. "ಇನ್ನೊಮ್ಮಿ ಮೈಲಾರಪ್ಪ, ಇನ್ನಾ ಜೋರ ಓಡ್ರಿ" ಎಂದು ನೀನು ಕೂಗಿದೆ. ಕಾಲ ಕೆಳಗಿನ ಚೀಲ ಜಾರಿತು. ಅಷ್ಟು ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿದ್ದರು. ಕ್ಯಾಮೆರಾ ನಿಲ್ಲಲಿಲ್ಲ.

ಬೆನ್ನುಮೂಳೆಗೆ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿ ನೀನು ಶಾಟ್ ಬಗ್ಗೆ ಕೇಳಿದಾಗ, "ನಿಮಗ ಚಲೋ ಅನಿಸಿದ್ರ ಹಾಕ್ರಿ ಸಾರ್" ಎಂದರು. ಅದನ್ನೇ ನೀನು ಒಪ್ಪಿಗೆ ಎನ್ನುತ್ತೀ. ಅಂಗಾತ ಮಲಗಿದ ಮನುಷ್ಯ, ಚಿಕಿತ್ಸೆ ಕೊಡಿಸುತ್ತಿರುವವರ ಎದುರು ಬೇರೆ ಏನು ಹೇಳಬೇಕಿತ್ತು?

ಸಿರುಗುಪ್ಪದ ಕಲ್ಯಾಣ ಮಂಟಪದಲ್ಲಿ ಊರವರಿಗೆಂದು ಸಿನಿಮಾ ತೋರಿಸಿದೆವಲ್ಲ, ಅವತ್ತು ಮೈಲಾರಪ್ಪನವರಿಗೆ ಬಹಳ ಹೊತ್ತು ಕೂರಲಾಗದೆಂದು ಹೆಂಡತಿ ಹಂಪಕ್ಕ ಒಬ್ಬರೇ ಬಂದಿದ್ದರು. ಮುಂದಿನ ಸಾಲಿನಲ್ಲಿ ಕೂರಿಸಿದ್ದು ನಾನೇ. ಪರದೆಯ ಮೇಲೆ ಗಂಡ ಜಾರಿದ್ದೇ ತಡ, ಎದ್ದು ಎರಡೂ ಕೈ ಮುಂದೆ ಚಾಚಿ, "ಹಿಡೀರಿ, ಯಾರಾರ ಹಿಡೀರಿ ಅವರ್ನ" ಎಂದು ಕೂಗಿಕೊಂಡರು. ಹಿಂದಿನವರು ಸಿಳ್ಳೆ ಹೊಡೆದರು. ನೀನು ನನ್ನ ಕೈ ಅದುಮಿ, "ನೋಡಿದೇನ ಯಶೂ, ಜನ ನಂಬಿದ್ರು" ಎಂದೆ.

ನಾನು ಮರುದಿನ ಕುರುಗೋಡಿನ ಬಸ್ಸು ಹತ್ತಿದ್ದು ಆ ಒಂದು ಮಾತಿಗೆ. ಆಗ ಹೇಳಲಿಲ್ಲ. ಅಕ್ಕನಿಗೆ ಮೈ ಹುಷಾರಿಲ್ಲ ಎಂದಿದ್ದೆ.

ಚಿತ್ರೋತ್ಸವಕ್ಕೆ ಆಯ್ಕೆಯಾದ ಸುದ್ದಿ ಬಂದಾಗ ಅಲ್ಲಿಯವರು ಹೊಗಳಿದ್ದೂ ಆ ಶಾಟನ್ನೇ. "ಅದೊಂದು ಮುಟ್ಟಬ್ಯಾಡ, ಅದು ಹೋದ್ರ ಸಿನಿಮಾನ ಸತ್ತಂಗ" ಎಂದೆ ನೀನು. ಆಯಿತು ಎಂದೆ ನಾನು. ಫೋನಿಟ್ಟ ಮೇಲೆ ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ತೆಕ್ಕಲಕೋಟೆಗೆ, ಮೈಲಾರಪ್ಪನವರ ಮನೆಗೆ ಹೋದೆ.

ಹಂಪಕ್ಕ ಬೈಯಲಿಲ್ಲ. ಚಹಾ ಕೊಟ್ಟು ಎದುರಿಗೆ ಕೂತು, "ಯವ್ವಾ, ಅವರು ಬಿದ್ದದ್ದು ನಾ ಕಂಡಿದ್ದಿಲ್ಲ. ಸುದ್ದಿ ಕೇಳಿ ದವಾಖಾನಿಗೆ ಓಡಿದ್ದೆ. ನೀವು ತೋರಿಸಿದ್ರಿ. ಈಗ ಕಣ್ಣು ಮುಚ್ಚಿದ್ರ ಅದ ಬರ್ತೈತಿ" ಎಂದರು. ದನಿಯಲ್ಲಿ ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೈಲಾರಪ್ಪ ಮಂಚದ ಮೇಲಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಏಳುವಾಗ ಹತ್ತಿರ ಕರೆದು, "ಬೀಳೂದು ತಗೀರಿ, ಆಕಿಗೆ ತ್ರಾಸ ಆಗ್ತೈತಿ. ಆದ್ರ ಓಡೂದು ಇಡ್ರಿ ಮೇಡಂ. ಇನ್ನ ನನಗ ಓಡಾಕ ಆಗಂಗಿಲ್ಲ" ಎಂದರು.

ಅಷ್ಟನ್ನೇ ಮಾಡಿದ್ದೇನೆ. ಈಗ ಅವರು ಅಟ್ಟಿಯ ಮೇಲೆ ಓಡುತ್ತಾರೆ, ಕಿಟಕಿಯ ಬೆಳಕು ದಾಟುತ್ತಾರೆ. ಅಲ್ಲಿಗೆ ನಿಲ್ಲಿಸಿ ನೇರ ಗುಮಾಸ್ತನ ಮುಖಕ್ಕೆ ಬಂದಿದ್ದೇನೆ. ಹಮಾಲಿಗೆ ಏನಾಯಿತೆಂದು ಅವನ ಮುಖದಲ್ಲೇ ತಿಳಿಯಬೇಕು. ಮೊದಲಿನಷ್ಟು ಬಿಗಿಯಾಗಿಲ್ಲ, ಅದನ್ನು ನೀನು ಹೇಳಬೇಕಿಲ್ಲ. ಬದಲಾವಣೆಯನ್ನು ಚಿತ್ರೋತ್ಸವದವರಿಗೂ ತಿಳಿಸಿದ್ದೇನೆ. ಮತ್ತೊಮ್ಮೆ ನೋಡಿ ಹೇಳುತ್ತೇವೆ ಎಂದಿದ್ದಾರೆ. ಬೇಡ ಎಂದರೂ ಎನ್ನಬಹುದು.

ನಿನ್ನನ್ನು ಕೇಳದೆ ಕಳಿಸಿದ್ದು ತಪ್ಪು ಎನ್ನುತ್ತೀ. ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ, ನಾನು ಮತ್ತೆ ಆಯಿತು ಎನ್ನುತ್ತಿದ್ದೆ. ಮನೆಗೆ ಯಾವಾಗ ಬರುತ್ತೀ ಎಂದು ಮೆಸೇಜು ಹಾಕಿದ್ದೀ. ಗೊತ್ತಿಲ್ಲ, ಸಮ್ರಾಟ್. ದಣಿದಿದ್ದೇನೆ. ನಿನ್ನ ಮೇಲೆ ಪ್ರೀತಿ ಹೋಗಿಲ್ಲ, ಅದಂತೂ ನಿಜ. ನೀನು ಸರಿಯಾಗಿ ಊಟ ಮಾಡು.

ನಿನ್ನ
ಯಶೋಧರಾ

ತಾ.ಕ.: ಸಿನಿಮಾದಿಂದ ತೆಗೆದಿದ್ದೇನೆ, ಆದರೆ ಆ ಶಾಟನ್ನು ಅಳಿಸಿಲ್ಲ. ಇನ್ನೂ ನನ್ನ ಹಾರ್ಡ್ ಡಿಸ್ಕಿನಲ್ಲೇ ಇದೆ. ಅಳಿಸಬೇಕೆಂದು ಕೂತಾಗಲೆಲ್ಲ ಮತ್ತೊಮ್ಮೆ ಹಾಕಿ ನೋಡುತ್ತೇನೆ. ಅಂಥ ಶಾಟ್ ನನ್ನ ಕೈಗೆ ಯಾವತ್ತೂ ಸಿಕ್ಕಿಲ್ಲ. ಒಬ್ಬಳಿಂದ ಆಗುತ್ತಿಲ್ಲ. ಭಾನುವಾರ ಬಾ, ಪಕ್ಕದಲ್ಲಿ ಕೂತಿರು ಸಾಕು. ಇರಲಿ ಬಿಡು ಎಂದು ಮಾತ್ರ ಹೇಳಬೇಡ. ಹೇಳಿದರೆ ಕೇಳಿಬಿಡುತ್ತೇನೆ.