ಅದು ಬರೀ ನನ್ನ ತೋಟದ ಹೂವಲ್ಲ

ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ಸೊಸೆ ಇರ್ಮಾಳಿಗೆ, ನಿನ್ನ ಅತ್ತೆ ಲಾಮಾರಾ ಬರೆಯುವುದು.

ಈ ಕಾಗದ ಕೈಗೆ ಸಿಕ್ಕ ಕೂಡಲೇ, ಅಡುಗೆಯ ಬಣ್ಣಕ್ಕೆಂದು ನಾನು ಕಳಿಸಿದ ಚೆಂಡುಹೂವಿನ ಪುಡಿಯ ಡಬ್ಬಿಯನ್ನು ಮುಚ್ಚಿ, ಮಗು ಬಾರ್ಬಾರೆಯ ಕೈಗೆ ಎಟುಕದ ಕಡೆ ಇಡು. ಆಮೇಲೆ ಉಳಿದದ್ದನ್ನು ಓದು.

ನಿನ್ನೆ ಸಂಜೆ ಫೋನಿನಲ್ಲಿ ಅದನ್ನೇ ಹೇಳಿದೆ. ನೀನು ನಕ್ಕೆ. "ಅಯ್ಯೋ ಅತ್ತೆ, ಆರೋಗ್ಯ ಇಲಾಖೆಯವ್ರು ಹೇಳ್ತಿರೋದು ಅಂಗಡಿ ಪುಡಿ ವಿಷಯ. ನಿಮ್ದು ನೀವೇ ಕೈಯಾರೆ ಬೆಳೆದಿದ್ದಲ್ವಾ? ಈ ಮನೇಲಿ ಈಗ ನಾನು ಕಣ್ಮುಚ್ಚಿ ನಂಬೋದು ಅದೊಂದನ್ನೇ" ಎಂದೆ. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನಿಟ್ಟೆ. ಇನ್ನೊಂದು ಗಂಟೆಗೆ ನಿಮ್ಮ ಬತೂಮಿಗೆ ಹೋಗುವ ವ್ಯಾನು ಹೊರಡುತ್ತದೆ. ಡ್ರೈವರ್ ಕೈಯಲ್ಲಿ ಇದನ್ನು ಕೊಡುತ್ತೇನೆ.

ಕಳೆದ ವಾರ ಮಗುವಿನ ರಕ್ತದಲ್ಲಿ ಸೀಸ ಹದಿನೆಂಟಿದೆ ಎಂದಾಗ ನನಗೇನೂ ಅರ್ಥವಾಗಿರಲಿಲ್ಲ. "ಐದು ದಾಟಬಾರದಂತೆ ಅತ್ತೆ" ಎಂದು ನೀನು ಬಿಕ್ಕಿದಾಗ ತಿಳಿಯಿತು. ಕಿಟಕಿಯ ಹಳೇ ಬಣ್ಣ ಕೆರೆಸಿದಿರಿ, ಮರದ ಆಟಿಕೆಗಳನ್ನು ಎಸೆದಿರಿ, ಕುಡಿಯುವ ನೀರು ಬದಲಿಸಿದಿರಿ. ಮಗ ಮಾಮುಕಾ ಮನೆಯನ್ನೇ ಬದಲಿಸುವ ಮಾತಾಡಿದ. ನಾನು ಇಲ್ಲಿ ಕೂತು, ನನ್ನ ಮಗನ ಮನೆಗೆ ಬಣ್ಣ ಬಳಿದವರ ಕೈ ಸೇದಿಹೋಗಲಿ ಎಂದು ಶಾಪ ಹಾಕಿದೆ.

ನಿನ್ನೆ ಬೆಳಗ್ಗೆ ಕುತೈಸಿಯ ಮಾರುಕಟ್ಟೆಗೆ ಹೋದರೆ ಸಾಂಬಾರ ಪದಾರ್ಥದ ಸಾಲಿನಲ್ಲಿ ಜನ ಗುಂಪುಗೂಡಿದ್ದರು. ಪುಡಿ ಮಾರುವ ದೋದೋಳ ಹಳದಿ ಮೂಟೆಗೆ ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಪಿಸ್ತೂಲಿನಂಥ ಯಂತ್ರ ಹಿಡಿದಿದ್ದಳು. ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. "ಇದ್ರಲ್ಲಿ ಸೀಸ ಇದೆ ಅಮ್ಮಾ. ಬಣ್ಣ ಬರ್ಲಿ ಅಂತ ಯಾರೋ ಬೆರೆಸಿದಾರೆ. ಯಾರಿಗೂ ಕೊಡ್ಬೇಡಿ" ಎಂದಳು. ದೋದೋ ಕಿರುಚಿದಳು: "ಏನೇ ಹುಡುಗಿ, ನಾನು ತಂದು ಮಾರೋಳು, ಬೆರೆಸೋಳಲ್ಲ! ನನ್ನ ಮೊಮ್ಮಕ್ಕಳೂ ಇದನ್ನೇ ತಿನ್ನೋದು!" ಹಾಗೆಂದವಳು ತನ್ನ ಮಾತು ತನಗೇ ಆಗ ಕೇಳಿಸಿತೇನೋ ಎಂಬಂತೆ ಬಾಯಿಗೆ ಕೈಯಿಟ್ಟಳು. ಅವಳಲ್ಲಿ ಮತ್ತೆ ಅದೇ ಪುಡಿ ಕೊಳ್ಳಲೆಂದೇ ಹೋಗಿದ್ದೆ ನಾನು.

ಹೌದು ಇರ್ಮಾ, ಮತ್ತೆ.

ಹೋದ ಶರತ್ಕಾಲದಲ್ಲಿ ದಾರಕ್ಕೆ ಪೋಣಿಸಿ ಜಗಲಿಯಲ್ಲಿ ತೂಗುಹಾಕಿದ್ದ ಹೂವಿಗೆಲ್ಲ ಬೂಷ್ಟು ಹಿಡಿಯಿತು. ಉಳಿದದ್ದು ನಾಲ್ಕೇ ಮುಷ್ಟಿ, ಅದೂ ಕಂದು ಬಣ್ಣ. ಅದಕ್ಕೂ ಹಿಂದಿನ ಹೊಸವರ್ಷದ ಊಟದಲ್ಲಿ ನಿನ್ನ ತಾಯಿ ಎಲ್ಲರೆದುರು, "ಏನ್ ಬೀಗಿತ್ತಿ, ನಿಮ್ಮ ಕೋಳಿಗೆ ಜ್ವರ ಬಂದಿತ್ತಾ? ಆಕ್ರೋಟಿನ ಗಸಿ ಇಷ್ಟು ಬಿಳಿಚಿಕೊಂಡಿದೆ!" ಎಂದಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮರೆಯಲಿಲ್ಲ. ದೋದೋಳ ಮೂಟೆಗಳಲ್ಲಿ ಅತಿ ಹಳದಿಯದನ್ನೇ ಆರಿಸಿ, ಅಂಗೈಗೆ ತಿಕ್ಕಿ ನೋಡಿ ತಂದೆ. ನನ್ನದಕ್ಕೆ ಬೆರೆಸಿದೆ. ಡಬ್ಬಿಗೆ "ನನ್ನ ತೋಟದ್ದು" ಎಂದು ಚೀಟಿಯನ್ನೂ ಅಂಟಿಸಿದೆ. ಈ ಹೊಸವರ್ಷ ನಿನ್ನ ತಾಯಿ ಬೆರಳು ಚೀಪಿದಾಗ ಎಷ್ಟು ಹಿಗ್ಗಿದ್ದೆ! ಬಾರ್ಬಾರೆ "ಅಜ್ಜಿ ಹಳದಿ" ಎನ್ನುತ್ತ ತನ್ನ ತಟ್ಟೆಗೆ ತಾನೇ ಉದುರಿಸಿಕೊಳ್ಳುವ ಫೋಟೋ ಕಳಿಸಿದೆಯಲ್ಲ, ಅದನ್ನು ಬೀದಿಗೆಲ್ಲ ತೋರಿಸಿದೆ. ಈಗ ಫೋನು ತೆರೆಯಲು ಕೈ ಬರುವುದಿಲ್ಲ. ನೀವು ಕಿಟಕಿ ಕೆರೆಸುತ್ತಿದ್ದಾಗ ನನ್ನ ಡಬ್ಬಿ ಊಟದ ಮೇಜಿನ ಮೇಲೇ ಕೂತಿತ್ತಲ್ಲೇ, ಮಗಳೇ!

ಡಬ್ಬಿಯನ್ನು ಎಸೆಯಬೇಡ, ಪರೀಕ್ಷೆಯವರಿಗೆ ಕೊಡು. ನಿನ್ನ ತಾಯಿಯೂ ಒಂದು ಪೊಟ್ಟಣ ಒಯ್ದಿದ್ದಾರೆ. ಅವರಿಗೆ ಇವತ್ತೇ ಫೋನು ಮಾಡಿ ಎಲ್ಲವನ್ನೂ ಹೇಳು, ನನ್ನ ಮಾನ ಉಳಿಸಲು ಹೋಗಬೇಡ. ಮಾಮುಕಾ ಬೈದರೆ ಬೈಯಲಿ, ತಡೆಯಬೇಡ. ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಿ ನಿಲ್ಲಿಸಿದರೆ ಅಂಕಿ ಇಳಿಯುತ್ತದೆಂದು ಡಾಕ್ಟರು ಹೇಳಿದರು ಎಂದಿದ್ದೆಯಲ್ಲ. ಗೊತ್ತಾಯಿತು. ನನ್ನಿಂದ ಬರುತ್ತಿದೆ.

ಬಾರ್ಬಾರೆಯ ರಕ್ತ ಬೇಗ ತಿಳಿಯಾಗಲಿ. ನೀನು ನನ್ನೊಡನೆ ಮಾತಾಡಲು ಎಷ್ಟು ದಿನ ಬೇಕೋ ಅಷ್ಟು ದಿನ ತೆಗೆದುಕೋ.

ನಿನ್ನ ಅತ್ತೆ,
ಲಾಮಾರಾ