ಅತ್ತೆಯ ಸೊಂಟ, ನನ್ನ ಪರೀಕ್ಷೆ

ಮಾರ್ಚ್ 3, ಬೆಳಗ್ಗೆ 5.20

ಅತ್ತೆಗೆ ಬೆಡ್‌ಪ್ಯಾನ್ ಇಟ್ಟು, ತೊಳೆದು, ಬೆನ್ನಿಗೆ ಪೌಡರ್ ಹಾಕಿ ಮಗ್ಗುಲು ತಿರುಗಿಸಿದ್ದಾಯಿತು. ಸೊಂಟದ ಮೂಳೆ ಆಪರೇಶನ್ ಆಗಿ ಇಂದಿಗೆ ಹನ್ನೆರಡು ದಿನ. ಕುಕ್ಕರ್ ಕೂಗುವವರೆಗೆ ಓದಬೇಕು. ಸಮಾಜಶಾಸ್ತ್ರ, ಅಧ್ಯಾಯ ಏಳು — ಕುಟುಂಬ: ಸ್ತ್ರೀವಾದಿ ದೃಷ್ಟಿಕೋನಗಳು. ಮನೆಯೊಳಗಿನ ದುಡಿಮೆ ದುಡಿಮೆಯೆಂದೇ ಎಣಿಕೆಗೆ ಬರುವುದಿಲ್ಲವಂತೆ. ಗೆರೆ ಎಳೆದೆ. ಕುಕ್ಕರ್ ಕೂಗಿತು.

ಮಾರ್ಚ್ 5

ಹಾಲ್ ಟಿಕೆಟ್ ಬಂತು. ಪರೀಕ್ಷೆ ಹದಿನಾರಕ್ಕೆ, ಹತ್ತೊಂಬತ್ತಕ್ಕೆ. ಎರಡೇ ಪೇಪರ್ ಬಾಕಿ. ದೂರಶಿಕ್ಷಣದ ನೋಂದಣಿಯ ಅವಧಿ ಈ ವರ್ಷಕ್ಕೆ ಮುಗಿಯುತ್ತದೆ. ತಪ್ಪಿದರೆ ಆರು ವರ್ಷ ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಶಾಲೆಯ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ತಾತ್ಕಾಲಿಕ ಗುಮಾಸ್ತೆ ನಾನು. ಡಿಗ್ರಿ ಆದರೆ ಕಾಯಂ. ಸದ್ಯಕ್ಕೆ ರಜೆ ಹಾಕಿ ಮನೆಯಲ್ಲಿದ್ದೇನೆ.

ಇವರಿಗೆ ಹೇಳಿದೆ. ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಅಮ್ಮನ್ನ ಯಾರು ನೋಡ್ಕೋತಾರೆ?”

“ಎರಡು ದಿನ ನೀವು ರಜೆ ಹಾಕಿ.”

“ಗೋದಾಮಲ್ಲಿ ಸ್ಟಾಕ್ ಚೆಕಿಂಗ್ ಇದೆ. ನಂದು ಕೆಲಸ ಕಣೇ.”

ನನ್ನದು?

ಮಾರ್ಚ್ 9

ಮೈದುನನಿಗೆ ಫೋನ್ ಮಾಡಿದೆ. “ಅತ್ತಿಗೆ, ಇವಳನ್ನೇ ಕೇಳಿಬಿಡಿ” ಅಂತ ಫೋನನ್ನು ಹೆಂಡತಿಗೆ ದಾಟಿಸಿದ. ಮಲಗಿರುವುದು ಅವನನ್ನು ಹೆತ್ತವಳು! ವಾರಗಿತ್ತಿ ಅಂದಳು, “ಅಕ್ಕಾ, ಇನ್ನೊಂದು ರಜೆ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ. ನಮ್ಮನೆಯವರನ್ನೇ ಒಪ್ಪಿಸಿ ನೋಡಿ.” ಚೆಂಡು ಎರಡು ಸುತ್ತು ಹಾಕಿ ನನ್ನ ಕಾಲಬುಡಕ್ಕೇ ಬಂತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ…

ಮಾರ್ಚ್ 15, ಸಂಜೆ

ಜಗಳ.

“ಮುಂದಿನ ವರ್ಷ ಬರಿ.”

“ಮುಂದಿನ ವರ್ಷ ಅನ್ನೋದೇ ಇಲ್ಲ ರೀ.”

“ನಿನ್ನ ಡಿಗ್ರಿಗೆ ಯಾರು ಬಾಯಿ ಬಿಟ್ಕೊಂಡು ಕಾಯ್ತಿದಾರೆ?”

ಒಳಕೋಣೆಯಿಂದ ಅತ್ತೆ — “ಲೋ, ನಾಳೆ ನೀನು ಮನೇಲಿರು. ಅವಳು ಹೋಗ್ಲಿ.”

ಇವರು ಸ್ಟಾಕ್ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ಮನೆಯಿಂದಲೇ ಮಾಡಲು ಒಪ್ಪಿದರು.

ಮಾರ್ಚ್ 16, ಸಂಜೆ 4

ಬರೆದೆ. ಚೆನ್ನಾಗಿಯೇ. ಮನೆ ಬಾಗಿಲಿಗೇ ವಾಸನೆ. ಅತ್ತೆ ನೆನೆದ ಹಾಸಿಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಮಲಗಿದ್ದರು. ಹನ್ನೊಂದು ಗಂಟೆಯಿಂದಂತೆ. ಇವರು ಪಕ್ಕದ ಕೋಣೆಯಲ್ಲಿ, ಲ್ಯಾಪ್‌ಟಾಪ್ ಮುಂದೆ.

“ಅಮ್ಮ ಕರೀಲೇ ಇಲ್ಲ.”

“ನನ್ನನ್ನೂ ಯಾವತ್ತೂ ಕರೆದಿಲ್ಲ. ನಾನೇ ಆಗಾಗ ಹೋಗಿ ನೋಡ್ತೀನಿ.”

ಬಟ್ಟೆ ಬದಲಿಸುವಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು. “ಗಂಡುಮಗ ಕಣೇ. ಹೇಗೆ ಹೇಳ್ಲಿ? ನಾಚಿಕೆ ಆಗುತ್ತೆ.”

ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆ. ನಾನು ಹೋಗಿದ್ದಕ್ಕೇ ಹೀಗಾಯಿತು. ಇಲ್ಲ, ಹಾಗಲ್ಲ. ಇವರು ಮನೆಯಲ್ಲೇ ಇದ್ದರಲ್ಲ! ಆದರೂ ತಪ್ಪು ನನ್ನದು ಅಂತ ನನಗೇ ಯಾಕೆ…

ಮಾರ್ಚ್ 18

ಇವರನ್ನು ಮಂಚದ ಪಕ್ಕ ನಿಲ್ಲಿಸಿದೆ.

“ನೋಡ್ಕೊಳ್ಳಿ. ಮೊದಲು ಮಗ್ಗುಲು. ಆಮೇಲೆ ಪ್ಯಾನ್.”

“ನನ್ನ ಕೈಲಾಗಲ್ಲ.”

“ಮೊದಲ ದಿನ ನನಗೂ ವಾಂತಿ ಬಂದಿತ್ತು.”

ಅತ್ತೆ ಗೋಡೆಗೆ ಮುಖ ಮಾಡಿದ್ದರು. “ಅತ್ತೆ, ನೀವು ಬೇಡ ಅಂದ್ರೆ ನಾಳೆ ಹೋಗಲ್ಲ” ಅಂದೆ. ಬಾಯಿಮಾತಿಗಲ್ಲ, ನಿಜಕ್ಕೂ. ಅವರು ಗೋಡೆಗೆ ಹೇಳಿದಂತೆ ಹೇಳಿದರು — “ಇವನ ಹೇಲು ಉಚ್ಚೆ ನಾನು ಬಳಿಯೋವಾಗ ಇವನಿಗೇನು ನಾಚಿಕೆ ಆಗಿತ್ತಾ? ಬಾರೋ ಇಲ್ಲಿ.”

ಇವರ ಕೈಯಲ್ಲಿ ಪ್ಯಾನ್ ವಾರೆಯಾಯಿತು. ನಾನು ಕೈ ಹಾಕಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ, ಬಿಗಿಯಾಗಿ.

ಮಾರ್ಚ್ 19, ಬೆಳಗ್ಗೆ 9.52

ಪರೀಕ್ಷಾ ಕೇಂದ್ರದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮೊಬೈಲ್ ಒಪ್ಪಿಸುವ ಸಾಲಿನಲ್ಲಿದ್ದಾಗ ಇವರ ಫೋನ್.

“ಅಮ್ಮನಿಗೆ ಅರ್ಜೆಂಟ್. ನೀನೊಂದು ಸಲ ಬಂದು —”

“ಮೊದಲು ಮಗ್ಗುಲು ರೀ.”

ಹಿಂದಿನಿಂದ ಅತ್ತೆಯ ಗಂಟಲು — “ಅವಳನ್ನ ಬಿಡೋ! ನಾನು ಹೇಳ್ತೀನಿ, ನೀನು ಹಿಡಿ!”

ಕಟ್ ಆಯಿತು. ಮತ್ತೆ ರಿಂಗ್. ನೋಡುತ್ತ ನಿಂತೆ. ಆಫ್ ಮಾಡಿ ಮೇಜಿನವರ ಕೈಗೆ ಕೊಟ್ಟೆ. ಆ ಕೋಣೆಯಲ್ಲಿ ಈಗ ಅವರಿಬ್ಬರೇ. ತಾಯಿ, ಮಗ. ಇರಲಿ. ನಾನಿಲ್ಲದೆ ಸ್ವಲ್ಪ ಹೊತ್ತು… ಬೆಲ್ ಆಯಿತು, ಒಳಗೆ ಕರೀತಿ—