ಹತ್ತನೆಯ ಜಿಗಿತ

ಜನವರಿ 6, ಸೋಮವಾರ. ಬೆಳಿಗ್ಗೆ 7.40

ಬಾಸ್ಕೆಟ್‌ಬಾಲ್ ತಂಡದ ಹದಿಮೂರು ಹುಡುಗರು. ಇಬ್ಬರು ತಡ. ತಡವಾಗಿ ಬಂದವರಿಗೆ ಜಿಮ್ ಗುಡಿಸುವ ಕೆಲಸ. ಹೊರಗೆ ಹಿಮ ಮೊಣಕಾಲೆತ್ತರ, ಒಳಗೆ ಹೀಟರ್ ಗೊರಗೊರ ಅನ್ನುತ್ತಿದೆ. ರಿಪೇರಿ ಮಾಡಿಸುತ್ತೇವೆ ಅಂದು ಮೂರು ಚಳಿಗಾಲ ಆಯಿತು.

ಸೋಮವಾರದ ಟೆಸ್ಟ್ ಮುಗಿಯಿತು. ನಿಂತಲ್ಲಿಂದ ಮೇಲಕ್ಕೆ ಹತ್ತು ಜಿಗಿತ, ನಡುವೆ ಬಿಡುವಿಲ್ಲ. ಮೊದಲನೆಯದು, ಹತ್ತನೆಯದು — ಎರಡರ ಎತ್ತರವನ್ನೇ, ಇಂಚಿನಲ್ಲಿ, ಬರೆದುಕೊಳ್ಳುತ್ತೇನೆ. ಮೊದಲನೆಯದನ್ನು ಯಾರು ಬೇಕಾದರೂ ಜಿಗಿದಾರು. ಕಿಟಕಿಯಲ್ಲಿ ಹುಡುಗಿಯರು ನಿಂತಿದ್ದರೆ ಇನ್ನೂ ಎರಡಿಂಚು ಜಾಸ್ತಿ. ಹತ್ತನೆಯದರಲ್ಲಿ ಬಣ್ಣ ಬಯಲು. ಎರಡು-ಮೂರು ಇಂಚು ಇಳಿಯುವುದು ಮಾಮೂಲು. ಅದಕ್ಕಿಂತ ಹೆಚ್ಚು ಇಳಿದರೆ ಬುಧವಾರ ಬಾಕ್ಸ್ ಜಂಪ್, ಅಂದರೆ ಮರದ ಡಬ್ಬದ ಮೇಲೆ ಹಾರಿ ಇಳಿಯುವುದು, ದುಪ್ಪಟ್ಟು. ಇಪ್ಪತ್ತು ವರ್ಷದ ನಿಯಮ. ನಾನೇ ಮಾಡಿದ್ದು.

ಕ್ವಿನ್ಸಿ ಗ್ರೀರ್: 33, 30. ಹದಿನಾರು ವರ್ಷಕ್ಕೆ ಇದು ತುಂಬಾ ಚೆನ್ನಾಗಿದೆ.

ಬೆನ್ನು ತಿರುಗಿಸಿ ನಿಂತು ಭಾರದ ತಟ್ಟೆಗಳನ್ನು ಜೋಡಿಸುತ್ತಿದ್ದೆ. ಹಿಂದಿನಿಂದ ಅವನು ಇಳಿಯುವ ಸದ್ದು. ಮೆತ್ತಗೆ, ಟಪ್-ಟಪ್, ಎಡಗಾಲು ಒಂದು ಕೂದಲೆಳೆ ಮೊದಲು. "ಮಾರ್ಲನ್, ಮೊಣಕಾಲು ಹೊರಗೆ!" ಅಂದುಬಿಟ್ಟೆ.

ಹುಡುಗರೆಲ್ಲ ನನ್ನ ಕಡೆ ತಿರುಗಿದರು. ಕ್ವಿನ್ಸಿಯೇ ಕೊನೆಗೆ, "ಪರ್ವಾಗಿಲ್ಲ ಕೋಚ್. ಅಮ್ಮನೂ ಒಂದೊಂದ್ಸಲ ಹಾಗೇ ಕರೀತಾಳೆ" ಅಂದ.

ಮಾರ್ಲನ್ ಅವನ ಅಣ್ಣ. ಬರುವ ತಿಂಗಳಿಗೆ ಒಂದು ವರ್ಷ. ಬುಧವಾರದ ಪ್ರಾಕ್ಟೀಸಿನಲ್ಲಿ ಬಿದ್ದ, ಏಳಲಿಲ್ಲ. ಹೃದಯದ ಗೋಡೆ ದಪ್ಪವಾಗಿತ್ತಂತೆ, ಯಾರಿಗೂ ಗೊತ್ತಾಗುವಂಥದ್ದಲ್ಲವಂತೆ. ಹಾಗೆಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ.

ಜನವರಿ 7, ಮಂಗಳವಾರ

ಮಧ್ಯಾಹ್ನ ಶಾಲೆಯ ಊಟದ ಸಾಲು. ಬೀನ್ಸ್, ಮಾಂಸ ಹಾಕಿ ಬೇಯಿಸಿದ ಚಿಲಿ, ಜೊತೆಗೆ ಪೀನಟ್ ಬಟರ್ ಹಚ್ಚಿದ ಬ್ರೆಡ್. ಬಡಿಸುವವಳು ಒಡೆಸ್ಸಾ. ಮಾರ್ಲನ್, ಕ್ವಿನ್ಸಿ ಇಬ್ಬರ ತಾಯಿ. ಸೌಟು ತುಂಬಾ ಹಾಕಿದಳು, ಮೇಲೆ ಇನ್ನೊಂದು ಸೌಟು.

"ಸಾಕು ಒಡೆಸ್ಸಾ."

"ಸಾಕು ಅಂದ್ರೆ ಯಾರು ಕೇಳ್ತಾರೆ? ಕನ್ನಡೀಲಿ ಮುಖ ನೋಡ್ಕೊಂಡಿದ್ದೀಯಾ? ಹಿಡಿ ತಟ್ಟೆ."

ಹಿಂದೆ ಹೊಸ ಗಣಿತದ ಮೇಷ್ಟ್ರು ನಿಂತಿದ್ದರು. ಅವರಿಗೆ ನನ್ನನ್ನು ತೋರಿಸಿ ಹೇಳಿದಳು, "ಇವಳು ಕೋಚ್ ವೆರ್ನಾ. ಆಂಬುಲೆನ್ಸ್ ಬರೋವರ್ಗೂ ನನ್ನ ಮಗನ ಎದೆ ಒತ್ತಿದವಳು. ಕೈ ಬಿಡ್ಲಿಲ್ಲ."

ತಟ್ಟೆ ತಂದು ಜಿಮ್ಮಿನ ಕಸದ ಡಬ್ಬಿಗೆ ಸುರಿದೆ. ಮೇಲೆ ಪೇಪರ್ ಮುಚ್ಚಿದೆ, ಅವಳ ಕಣ್ಣಿಗೆ ಬೀಳದಿರಲಿ ಎಂದು.

ಜನವರಿ 13, ಸೋಮವಾರ

ಕ್ವಿನ್ಸಿ: 33, 28.

ಐದು ಇಂಚು. ಪರೀಕ್ಷೆಗೆ ಓದುತ್ತಿದ್ದೆ, ನಿದ್ದೆಯಿಲ್ಲ ಎಂದ. ಇರಬಹುದು. ಈ ಹುಡುಗರು ಓದುತ್ತಾರೆಂದರೆ ನಾನು ನಂಬುವುದಿಲ್ಲ, ಆದರೆ ಇವನು ಓದುತ್ತಾನೆ.

ಅವನ ಹೆಸರಿನ ಮುಂದೆ 'ದುಪ್ಪಟ್ಟು' ಎಂದು ಬರೆಯಬೇಕು. ಪೆನ್ನು ಹಿಡಿದು ಕೂತೆ. ಬರೆಯಲಿಲ್ಲ.

ಪಟ್ಟಿ ನೋಡಿ ಅವನೇ ಬಂದ. "ಕೋಚ್, ಡೇಲ್‌ಗೆ ನಾಲ್ಕಿಂಚು ಬಿದ್ದಿದ್ದಕ್ಕೇ ದುಪ್ಪಟ್ಟು. ನಂಗ್ಯಾಕೆ ಇಲ್ಲ?"

"ನಿನ್ನ ಕೇಳಿ ನಾನು ಪಟ್ಟಿ ಮಾಡ್ಬೇಕಾ? ಹೋಗು, ಸ್ಟ್ರೆಚ್ ಮಾಡು."

"ಅಣ್ಣಂಗೆ ನೀವು ಯಾವತ್ತೂ ವಿನಾಯ್ತಿ ಕೊಟ್ಟಿರ್ಲಿಲ್ಲ."

ಹೌದು, ಕೊಟ್ಟಿರಲಿಲ್ಲ.

ಜನವರಿ 20, ಸೋಮವಾರ

ಶಾಲೆಗೆ ರಜೆ. ಟೆಸ್ಟ್ ಇಲ್ಲ. ಬದುಕಿದೆ.

ಜನವರಿ 27, ಸೋಮವಾರ. ಸಂಜೆ

ಕ್ವಿನ್ಸಿ: 33½, 26.

ಇಳಿಯುವಾಗಿನ ಸದ್ದು ಬದಲಾಗಿದೆ. ಏಳನೆಯದರಿಂದ ಮುಂದೆ ಚೀಲ ಬಿದ್ದ ಹಾಗೆ. ತುಟಿ ಬೆಳ್ಳಗೆ. "ಏನೂ ಇಲ್ಲ ಕೋಚ್" ಎಂದು ನಕ್ಕ.

ಮನೆಗೆ ಬಂದವಳೇ ಕಾಲುಚೀಲದ ಡ್ರಾಯರ್ ಎಳೆದೆ. ಅಡಿಯಲ್ಲಿ ಹೋದ ವರ್ಷದ ಸೋಮವಾರದ ಪುಸ್ತಕ. ಒಂದು ವರ್ಷದಿಂದ ತೆರೆದಿರಲಿಲ್ಲ. ತೆರೆಯುವ ಅಗತ್ಯವೇನಿದೆ, ಬಾಯಿಪಾಠವಾಗಿದೆ.

ಮಾರ್ಲನ್: 35, 30. ಪಕ್ಕದಲ್ಲಿ ನನ್ನ ಕೈಬರಹ — ದುಪ್ಪಟ್ಟು.

ಮುಂದಿನ ಸೋಮವಾರ 35, 27. ಸೋಮಾರಿ. ಮತ್ತೆ ದುಪ್ಪಟ್ಟು.

ಅದರ ಮುಂದಿನ ಸೋಮವಾರ 35, 25. ಇವನಿಗೆ ಬುದ್ಧಿ ಬರಬೇಕು.

ಎರಡು ದಿನ ಬಿಟ್ಟು ಬುಧವಾರ, ಒಂಬತ್ತನೆಯ ಬಾಕ್ಸ್ ಹತ್ತಿ ಇಳಿದು, ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ.

ಆಮೇಲೆ ವಿಚಾರಣೆಗೆ ಬಂದವರು ತರಬೇತಿಯ ಪಟ್ಟಿ ಕೇಳಿದರು, ಕೊಟ್ಟೆ. ಈ ಪುಸ್ತಕ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಚರ್ಚಿನಲ್ಲಿ, ಶವಪೆಟ್ಟಿಗೆಯ ಮುಂದೆಯೇ, ಒಡೆಸ್ಸಾ ನನ್ನ ಎರಡೂ ಕೈ ಹಿಡಿದು ಕೇಳಿದ್ದಳು. "ಏನಾದ್ರೂ ಕಂಡಿತ್ತಾ ವೆರ್ನಾ? ಒಂದ್ ದಿನಾನಾದ್ರೂ?" ಇಲ್ಲ ಎಂದೆ. ಒಂದು ದಿನವೂ ಇಲ್ಲ ಎಂದೆ. ಅವಳು ನನ್ನನ್ನು ತಬ್ಬಿಕೊಂಡಳು.

ಕ್ವಿನ್ಸಿಯ ಹೆಸರಿನ ಮುಂದೆ ಈಗಲೂ ಏನೂ ಬರೆದಿಲ್ಲ. ಬುಧವಾರ ಬಂದಾಗ ನೋಡಿಕೊಳ್ಳೋಣ.

ಜನವರಿ 28, ಮಂಗಳವಾರ

ಊಟದ ಸಾಲಿನಲ್ಲಿ ಬೇಕೆಂದೇ ಕೊನೆಗೆ ನಿಂತೆ. ಯಾರೂ ಇಲ್ಲದಾಗ ಕೇಳಿದೆ, ಕ್ವಿನ್ಸಿಯ ಹೃದಯದ ಪರೀಕ್ಷೆ ಯಾವಾಗ ಎಂದು. ಅಣ್ಣ ಹೋದ ಮೇಲೆ ಇವನಿಗೂ ಮಾಡಿಸಿದ್ದರು. ಏನೂ ಇರಲಿಲ್ಲ. ವರ್ಷ ವರ್ಷ ತೋರಿಸಿ, ಈ ವಯಸ್ಸಿನಲ್ಲಿ ಯಾವಾಗ ಬೇಕಾದರೂ ಶುರುವಾಗಬಹುದು ಎಂದಿದ್ದರಂತೆ.

"ಏಪ್ರಿಲ್‌ಗೆ ಡೇಟ್ ಕೊಟ್ಟಿದಾರೆ. ಪಂದ್ಯ ಎಲ್ಲ ಮುಗೀಲಿ ಅಂತ ಅವನೇ ಹಟ ಮಾಡ್ದ."

"ಸ್ವಲ್ಪ ಮುಂಚೆ ಹೋಗ್ಬಾರ್ದಾ?"

ಸೌಟು ನಿಂತಿತು. "ಯಾಕೆ? ಏನಾದ್ರೂ ಕಂಡಿತಾ?"

ಅದೇ ಪ್ರಶ್ನೆ. ಅದೇ ಕಣ್ಣು.

"ಏನಿಲ್ಲ. ಸುಮ್ನೆ ಕೇಳ್ದೆ."

"ಹೆದರಿಸ್ಬೇಡ ಕಣೇ. ಕಾರಣ ಇಲ್ದೆ ಮುಂಚೆ ಬಂದ್ರೆ ಅವ್ರು ನೋಡೋದೂ ಇಲ್ಲ. ಏನಾದ್ರೂ ಇದ್ರೆ ನೀನು ಹೇಳ್ತಿದ್ದೆ, ನಂಗೊತ್ತು."

ಈ ಹೆಂಗಸಿಗೆ ನನ್ನ ಮೇಲೆ ಎಷ್ಟು ನಂಬಿಕೆ. ಅದಕ್ಕಾದರೂ ಅವಳನ್ನು ದ್ವೇಷಿಸಬೇಕು ಅನ್ನಿಸುತ್ತದೆ.

ಫೆಬ್ರವರಿ 3, ಸೋಮವಾರ

ಹೋದ ವಾರ ಉಳಿದ ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಕ್ವಿನ್ಸಿ: 33, 24.

ಹೆಡ್ ಕೋಚ್ ಪ್ರೂಯಿಟ್ ಕೋಣೆಗೆ ಹೋದೆ. ಅವನು ಡೋನಟ್ ತಿನ್ನುತ್ತಾ ಎದುರಾಳಿಗಳ ವಿಡಿಯೋ ನೋಡುತ್ತಿದ್ದ. ಕ್ವಿನ್ಸಿಯನ್ನು ಎರಡು ವಾರ ಆಡಿಸದೆ ಕೂರಿಸೋಣ ಎಂದೆ.

"ತಲೆ ಕೆಟ್ಟಿದ್ಯಾ ವೆರ್ನಾ? ಸೆಕ್ಷನಲ್ ಪಂದ್ಯಾವಳಿಗೆ ನಾಲ್ಕು ವಾರ ಇದೆ. ಮೊದಲ ಸುತ್ತಲ್ಲೇ ಸೋತು ಬಂದ್ರೆ ಈ ಊರೋರು ನನ್ನ ಹುರಿದು ತಿಂತಾರೆ. ಏನು ಕಾರಣ?"

"ಹತ್ತನೇ ಜಿಗಿತ ಬೀಳ್ತಿದೆ. ಪ್ರತಿ ವಾರ."

"ಬಿದ್ರೆ ಬಾಕ್ಸ್ ಹಾಕು. ಇದನ್ನ ನಂಗೆ ಕಲಿಸಿದ್ದೇ ನೀನು." ಬೆರಳಿಗೆ ಮೆತ್ತಿದ ಸಕ್ಕರೆ ನೆಕ್ಕಿಕೊಂಡ. ಆಮೇಲೆ ಮೆತ್ತಗೆ, "ನೋಡು, ಅವರಣ್ಣನ ವಿಷ್ಯ ನಿನ್ನ ಬಿಟ್ಟು ಹೋಗಿಲ್ಲ. ನಂಗೆ ಅರ್ಥ ಆಗುತ್ತೆ. ಆದ್ರೆ ಆವತ್ತೂ ಏನೂ ಕಂಡಿರ್ಲಿಲ್ಲ, ಇವತ್ತೂ ಏನೂ ಇಲ್ಲ. ಬೇರೆ ಏನಾದ್ರೂ ಇದ್ರೆ ಹೇಳು, ಈಗ್ಲೇ ಕೂರಿಸ್ತೀನಿ."

ಬೇರೆ ಇದೆ. ಕಾಲುಚೀಲದ ಕೆಳಗಿದೆ. ಅದನ್ನು ತಂದು ಮೇಜಿನ ಮೇಲಿಟ್ಟರೆ ಹುಡುಗ ಕೂರುತ್ತಾನೆ, ನಾನು ಮುಗಿದೆ. ಬಾಯಿ ತೆರೆದೆ. "ಸರಿ ಬಿಡು" ಎಂದು ಬಂದೆ. ಐವತ್ತೊಂದು ವರ್ಷ ಆಯಿತು, ಇಷ್ಟು ಹೇಡಿ ಎಂದು ಗೊತ್ತಿರಲಿಲ್ಲ.

ಫೆಬ್ರವರಿ 5, ಬುಧವಾರ. ಸಂಜೆ 4

ಬೆಳಿಗ್ಗೆ ಬಾಕ್ಸ್ ದಿನ. ಕ್ವಿನ್ಸಿಗೆ ಸೊಂಟದ ನೆಪ ಹೇಳಿ ಮ್ಯಾಟ್ ಮೇಲೆ ಮಲಗಿಸಿದೆ. ಗೆದ್ದೆ ಅಂದುಕೊಂಡೆ.

ಶಾಲೆ ಬಿಟ್ಟ ಮೇಲೆ ಕೀಲಿ ಮರೆತು ಜಿಮ್ಮಿಗೆ ವಾಪಸ್ ಬಂದೆ. ಬಾಗಿಲಾಚೆಯಿಂದ ಸದ್ದು. ಟಪ್-ಟಪ್. ಟಪ್-ಟಪ್. ಈ ಸದ್ದು ಖಾಲಿ ಜಿಮ್ಮಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಯಾರೂ ಇರುವುದಿಲ್ಲ. ಇವತ್ತೂ ಹಾಗೇ ಅಂದುಕೊಂಡು ನಿಂತೆ. ಆಮೇಲೆ ಕೆಮ್ಮು ಕೇಳಿತು.

ಕ್ವಿನ್ಸಿ ಒಬ್ಬನೇ. ಬಾಕ್ಸಿನ ಮೇಲೆ ಎರಡೂ ಕೈ ಊರಿ ಬಗ್ಗಿದ್ದ, ಉಸಿರು ಸಿಗುತ್ತಿರಲಿಲ್ಲ.

"ಯಾರು ಹೇಳಿದ್ದು ನಿಂಗೆ ಇದನ್ನ ಮಾಡೋಕೆ?"

"ನಿಯಮ... ನಿಯಮಾನೇ ಕೋಚ್. ಒಂಬತ್ತಿಂಚು ಬಿದ್ದಿದೆ. ಇವತ್ತು ನೀವು ಪಾಪ ಅಂತ ಬಿಟ್ರಿ. ನಂಗೆ ಪಾಪ ಬೇಡ. ಅಣ್ಣ ಒಂದು ದಿನಾನೂ ತಪ್ಪಿಸ್ಲಿಲ್ಲ."

ಕೂರಿಸಿ ನೀರು ಕುಡಿಸಿದೆ.

ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಮೊದಲು ನನ್ನ ಮನೆಗೆ ಹೋಗಿ ಪುಸ್ತಕ ತಂದೆ. ಈಗ ಅವರ ಮನೆಯ ಮುಂದೆ ಕಾರಿನಲ್ಲಿದ್ದೇನೆ. ಹುಡುಗ ಒಳಗೆ ಹೋದ. ಇನ್ನು ಐದು ನಿಮಿಷ ಹೀಗೇ ಬರೆಯುತ್ತಾ ಕೂತರೆ ಓಡಿಹೋಗುತ್ತೇನೆ.

ಅದೇ ದಿನ, 6.30

ಒಡೆಸ್ಸಾ ಅಡುಗೆಮನೆಯಲ್ಲಿ ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟು ಕೂತಿದ್ದಳು. ದಿನವಿಡೀ ನಿಂತು ಬಡಿಸುವ ಕಾಲು. "ಬಾರೇ, ಕಾಫಿ ಹಾಕ್ಲಾ?" ಎಂದಳು. ಬೇಡವೆಂದು ಪುಸ್ತಕ ತೆರೆದು ಮುಂದಿಟ್ಟೆ. ಏನು ಹೇಳಬೇಕೋ ಹೇಳಿದೆ. ಚರ್ಚಿನಲ್ಲಿ ಹೇಳಿದ್ದು ಸುಳ್ಳು ಎಂದೂ ಹೇಳಿದೆ.

ಕನ್ನಡಕ ಹಾಕಿಕೊಂಡು ಓದಿದಳು. ಬೆರಳಿಟ್ಟು, ಒಂದೊಂದೇ ಸಾಲು.

"'ಸೋಮಾರಿ' ಅಂತ ಬರ್ದಿದೀಯ."

"ಹೂಂ."

"ಆ ದಿನಗಳಲ್ಲಿ ಬಂದವನೇ ಅಲ್ಲಿ ಮೆಟ್ಟಿಲ ಮೇಲೆ ಕೂತ್ಬಿಡ್ತಿದ್ದ. ಶೂ ಬಿಚ್ಚೋಕೂ ಆಗ್ತಿರ್ಲಿಲ್ಲ, ನಾನೇ ಬಿಚ್ತಿದ್ದೆ. ಯಾಕೋ ಅಂದ್ರೆ, ಕೋಚ್ ವೆರ್ನಾ ನನ್ನ ಗಟ್ಟಿ ಮಾಡ್ತಿದಾರೆ ಅಮ್ಮ, ಅಂತಿದ್ದ."

ನಾನು ಅಳಲಿಲ್ಲ. ಅಲ್ಲಿ ಅಳುವ ಹಕ್ಕು ನನಗಿರಲಿಲ್ಲ.

ಒದ್ದೆ ಕಾಲಲ್ಲೇ ಎದ್ದು ಫೋನ್ ತೆಗೆದುಕೊಂಡಳು. ಡಾಕ್ಟರ ಕಚೇರಿಗೆ, ಆಮೇಲೆ ಪ್ರೂಯಿಟ್‌ಗೆ. ಪ್ರೂಯಿಟ್‌ಗೆ ಹೇಳಿದ್ದು ಒಂದೇ ಮಾತು, "ನನ್ನ ಮಗ ಆಡಲ್ಲ." ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಸೋಮವಾರ ಹೋಗ್ಬೇಕು. ನೀನೂ ಬರ್ತೀಯ. ಈ ಅಂಕಿ ಎಲ್ಲ ಡಾಕ್ಟರ್ ಮುಂದೆ ನೀನೇ ಹೇಳ್ಬೇಕು."

ಫೆಬ್ರವರಿ 10, ಸೋಮವಾರ. ಬೆಳಿಗ್ಗೆ 11.20

ಇಂಡಿಯಾನಾಪೊಲಿಸ್. ಆಸ್ಪತ್ರೆಯ ಕಾರಿಡಾರ್. ಕ್ವಿನ್ಸಿ ಒಳಗೆ. ಒಡೆಸ್ಸಾ ನನ್ನಿಂದ ಎರಡು ಕುರ್ಚಿ ಬಿಟ್ಟು ಕೂತಿದ್ದಾಳೆ. ಎರಡು ಗಂಟೆ ಒಟ್ಟಿಗೆ ನನ್ನ ಕಾರಿನಲ್ಲೇ ಬಂದೆವು.

ನಿಜ ಬರೆಯುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಏನೂ ಇಲ್ಲ ಅನ್ನಲಿ ಎಂದು ದೇವರನ್ನು ಬೇಡುತ್ತಿದ್ದೇನೆ. ಬೆಳಗಿನಿಂದ ಅದೊಂದೇ. ಹುಡುಗನಿಗಾಗಿ ಅಂದುಕೊಂಡಿದ್ದೆ. ಇಲ್ಲ. ಹುಡುಗನಿಗೆ ಏನೂ ಇಲ್ಲವೆಂದರೆ ಹತ್ತನೆಯ ಜಿಗಿತಕ್ಕೂ ಹೃದಯಕ್ಕೂ ಸಂಬಂಧವಿಲ್ಲ. ಆಗ ಮಾರ್ಲನ್‌ನ ಅಂಕಿಯೂ ಬರೀ ಅಂಕಿ. ಆಗ ನಾನು ರಾತ್ರಿ ಮಲಗಬಹುದು.

ಇದೆ ಅಂದರೆ, ಇವನು ಉಳಿಯುತ್ತಾನೆ. ಅಣ್ಣನನ್ನು ಕೊಂದವಳು ನಾನೆಂದು ಖಾತ್ರಿಯಾಗುತ್ತದೆ.

ಎರಡು ಕುರ್ಚಿ ಆಚೆ ಒಬ್ಬ ತಾಯಿ ಕೂತಿದ್ದಾಳೆ. ಇಲ್ಲಿ ನಾನು ನನ್ನ ನಿದ್ದೆಗಾಗಿ ಪ್ರಾರ್ಥನೆ ಮಾಡುತ್ತಿದ್ದೇನೆ.

ಅದೇ ದಿನ, 2.50. ಆಸ್ಪತ್ರೆಯ ಕಾರ್ ಪಾರ್ಕ್

ಇದೆ.

ಹೋದ ವರ್ಷ ಇರಲಿಲ್ಲ, ಈಗ ಇದೆ. ಅಣ್ಣನಿಗಿದ್ದದ್ದೇ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು, ನಿಧಾನವಾಗಿ ಬಿಡಿಸಿ ಹೇಳಿದರು. "ಇನ್ನು ಆಟ ಇಲ್ಲ. ಮಾತ್ರೆ ಇದೆ, ಬೇಕಾದ್ರೆ ಮುಂದೆ ಎದೆಯೊಳಗೆ ಒಂದು ಯಂತ್ರ ಇಡ್ತೀವಿ. ಹುಡುಗ ಚೆನ್ನಾಗಿರ್ತಾನೆ." ಕ್ವಿನ್ಸಿ ಗೋಡೆಗೆ ಮುಖ ಮಾಡಿ ಅತ್ತ. ನನ್ನ ಕಡೆ ತಿರುಗಲಿಲ್ಲ.

ಒಡೆಸ್ಸಾ ಕೇಳಿದಳು, "ಅಂಕಿ ಬೀಳೋಕೆ ಶುರುವಾದ ಮೊದಲನೇ ವಾರಾನೇ ಕರ್ಕೊಂಡು ಬಂದಿದ್ರೂ ಇದು ಕಾಣ್ತಿತ್ತಾ?"

ಡಾಕ್ಟರ್ ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಕಾಣ್ತಿತ್ತು."

ಹೊರಗೆ ಬಂದ ಮೇಲೆ ಒಡೆಸ್ಸಾ ಕೋಟು ಹಾಕಿಕೊಂಡಳು. ಒಂದೊಂದೇ ಗುಂಡಿ. ನಾನು ಕ್ಷಮೆ ಕೇಳಲು ಹೊರಟಿದ್ದೆ. ಇವನಾದರೂ ಉಳಿದನಲ್ಲ, ಎಂದೂ ಹೇಳುವವಳಿದ್ದೆ. ನಾಚಿಕೆಗೆಟ್ಟವಳು.

ಅವಳೇ ಮೊದಲು ಮಾತಾಡಿದಳು. ದನಿ ಎತ್ತಲಿಲ್ಲ.

"ಮೊದಲನೇ ಸಲ ಬಿದ್ದಿದ್ದು ಜನವರಿ ಹದಿಮೂರು. ನೀನು ನಮ್ಮನೆಗೆ ಬಂದಿದ್ದು ಫೆಬ್ರವರಿ ಐದು. ಇಪ್ಪತ್ಮೂರು ದಿನ ವೆರ್ನಾ. ಮಾರ್ಲನ್‌ಗೆ ಅಂಕಿ ಬಿದ್ದ ಮೇಲೆ ಸಿಕ್ಕಿದ್ದು ಹದಿನಾರೇ ದಿನ. ಇವನು ಉಳಿದಿದ್ದು ನಿನ್ನಿಂದ ಅಲ್ಲ."

ಕ್ವಿನ್ಸಿಯ ಭುಜ ಹಿಡಿದುಕೊಂಡು ಹೋದಳು. ತನ್ನ ತಮ್ಮನಿಗೆ ಫೋನ್ ಮಾಡಿದ್ದಾಳಂತೆ, ಅವನ ಕಾರಿನಲ್ಲಿ ಹೋಗುತ್ತಾರೆ. ನನ್ನ ಕಾರಿನಲ್ಲಿ ನಾನೊಬ್ಬಳೇ.

ಎಣಿಸಿ ನೋಡಿದೆ. ಜನವರಿ 13ರಿಂದ ಹದಿನಾರನೆಯ ದಿನ, ಜನವರಿ 29. ಬುಧವಾರ. ಬಾಕ್ಸ್ ದಿನ. ಹಿಂದೆ ತಿರುವಿದೆ. ಆ ದಿನ ಇಲ್ಲಿ ಏನೂ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಎಂದು ಬರೆದಿದ್ದೇನೆ.

ಇತ್ತು. ಆ ದಿನ ಹದಿಮೂರೂ ಹುಡುಗರು ಸಾಲಾಗಿ ನಿಂತು ನೋಡುತ್ತಿದ್ದರು. ಪ್ರೂಯಿಟ್ ಬಾಗಿಲಲ್ಲಿ ನಿಂತಿದ್ದ. ಕ್ವಿನ್ಸಿ ಬಾಕ್ಸಿನ ಮುಂದೆ ನಿಂತು ನನ್ನ ಕಡೆ ನೋಡಿದ, ಮಾಡಲೇ ಬೇಡವೇ ಎಂದು. ಎಲ್ಲ ಗೊತ್ತಿತ್ತು ನನಗೆ. ಹಿಂದಿನ ಹಿಂದಿನ ದಿನವೇ ಆ ಪುಸ್ತಕ ಓದಿದ್ದೆ. ಆದರೂ ಸೀಟಿ ಬಾಯಿಗಿಟ್ಟುಕೊಂಡು ನಾನು ಊದಿದೆ. ಅವನು ಜಿಗಿದ.